ಮಂಜಿಗೆ ಕುರುಡಾಗದ ಕನ್ನಡಿ

ಬೆಳಕು ತಾಗಿದರೆ ಗಟ್ಟಿಯಾಗುವ ರೆಸಿನ್ ಎಂದರೇನು ಅಂತ ನನಗೆ ಮೊದಲು ಕಲಿಸಿದ್ದು ನಮ್ಮ ಕಾರ್ಖಾನೆಯ ಪಶ್ಚಿಮ ದಿಕ್ಕಿನ ಕಿಟಕಿ. ಹಾಸನದ ಹೊರಗೆ ಲೇಪನ ತಯಾರಿಸುವ ಕಾರ್ಖಾನೆಯೊಂದರ ಪ್ರಯೋಗಶಾಲೆಯಲ್ಲಿ ನಾನಾಗ ಹೊಸಬಳು. ಕಪ್ಪು ಡಬ್ಬಿಯಲ್ಲಿ ಜೇನುತುಪ್ಪದಂಥ ದ್ರವ ಬಂದಿತ್ತು. ಬಣ್ಣ ನೋಡೋಣ ಅಂತ ನಾನೂ ನಮ್ಮ ಮುಖ್ಯಸ್ಥರಾದ ವರದರಾಜ್ ಸರ್ರೂ ಅದನ್ನು ಗಾಜಿನ ಜಾಡಿಗೆ ಸುರಿದು, ಕಲಕುವ ಕಡ್ಡಿಯನ್ನು ಅದರಲ್ಲೇ ಬಿಟ್ಟು ಊಟಕ್ಕೆ ಹೋದೆವು. ತಿರುಗಿ ಬರುವಷ್ಟರಲ್ಲಿ ಬಿಸಿಲು ಕಿಟಕಿಯಿಂದ ಇಳಿದು ಜಾಡಿಯ ಮೇಲೆ ಬಿದ್ದಿತ್ತು. ಸರ್ ಕಡ್ಡಿ ಹಿಡಿದು ಎತ್ತಿದರು. ಕಡ್ಡಿಯ ಜೊತೆ ಜಾಡಿಯೂ ಎದ್ದು ಬಂತು.

ಬೈಗುಳಕ್ಕೆ ಕಾದು ನಿಂತೆ. ಅವರು ಜಾಡಿಯನ್ನು ಹಾಗೇ ಗಾಳಿಯಲ್ಲಿ ತೂಗಿಸಿ ನೋಡಿ, "ಗಿರಿಜಾ, ಇದಕ್ಕಂತೂ ತನ್ನ ಕೆಲಸ ಗೊತ್ತಿದೆ. ಇನ್ನು ನಾವು ನಮ್ಮ ಕೆಲಸ ಕಲೀಬೇಕು" ಎಂದರು. ಮಾರನೇ ದಿನವೇ ಕಿಟಕಿಗಳಿಗೆಲ್ಲ ಆ ಬೆಳಕನ್ನು ತಡೆಯುವ ಹಳದಿ ಹಾಳೆ ಅಂಟಿಸಿದೆವು.

ನಿವೃತ್ತಿಯಾದ ಮೇಲೆ ಆಲೂರಿನ ನನ್ನ ಮನೆಗೆ ರಸಾಯನಶಾಸ್ತ್ರ ಓದಿದ ಹುಡುಗಿಯರು ಬರುತ್ತಾರೆ. ಇಂಥ ಕೆಲಸಕ್ಕೆ ಸೇರಬಹುದೇ, ಒಳಗೆ ನಿಜವಾಗಿ ಏನು ನಡೆಯುತ್ತೆ ಅಂತ ಕೇಳುತ್ತಾರೆ. ಅವರಿಗೆ ಬಾಯಲ್ಲಿ ಹೇಳಿ ಹೇಳಿ ಈಗ ಬರೆಯಲು ಕೂತಿದ್ದೇನೆ. ಯಾವಾಗ ಯಾವ ಹುದ್ದೆಗೆ ಏರಿದೆ ಅನ್ನುವುದನ್ನು ಬಿಟ್ಟುಬಿಡುತ್ತೇನೆ. ಏರಿದಾಗ ಮೈಸೂರು ಪಾಕು ಹಂಚಿದ್ದೆ, ಅದರಾಚೆ ಹೇಳಲು ಏನೂ ಇಲ್ಲ.

ನನ್ನ ತವರು ಕೆ. ಹೊಸಕೋಟೆ ಹತ್ತಿರ. ಅಪ್ಪನದು ದಿನಸಿ ಅಂಗಡಿ. ವಿಭೂತಿ ಹಚ್ಚಿಕೊಂಡು ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದರೆ ರಾತ್ರಿಯವರೆಗೂ ತಕ್ಕಡಿಯ ಮುಂದೆ. ಮಗಳು ಎಂ.ಎಸ್ಸಿ. ಮಾಡಿ ಬಣ್ಣದ ಕಾರ್ಖಾನೆಗೆ ಸೇರಿದಳು ಅಂದಾಗ, "ಗೋಡೆಗೆ ಬಣ್ಣ ಬಳಿಯಕ್ಕೆ ಅಷ್ಟೆಲ್ಲ ಓದ್ಬೇಕೇನವ್ವ?" ಅಂತ ಕೇಳಿದ್ದರು. ಸೇರಿದ ಹೊಸತರಲ್ಲಿ ನನಗೂ ಹಾಗೇ ಅನ್ನಿಸಿತ್ತು. ಲೇಪನ ಬಳಿಯುವುದು, ಒಲೆಯಂಥ ದೊಡ್ಡ ಪೆಟ್ಟಿಗೆಯಲ್ಲಿ ಬೇಯಿಸುವುದು, ಥಿನ್ನರ್ ವಾಸನೆಗೆ ತಲೆನೋವು ಬರಿಸಿಕೊಂಡು ಮನೆಗೆ ಹೋಗುವುದು. ದೀಪದ ಕೆಳಗೆ ಹಾಯಿಸಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಗಟ್ಟಿಯಾಗುವ ರೆಸಿನ್ ಬಂದ ಮೇಲೆ ಆ ವಾಸನೆ ಹೋಯಿತು. ತಲೆನೋವು ಮಾತ್ರ ಬೇರೆ ರೂಪದಲ್ಲಿ ಬಂತು.

ಮೊದಲ ತಲೆನೋವು ಅಂಟು. ಗಾಳಿಯಲ್ಲಿರುವ ಆಮ್ಲಜನಕ ಲೇಪನದ ಮೇಲ್ಪದರ ಗಟ್ಟಿಯಾಗಲು ಬಿಡುವುದಿಲ್ಲ. ಒಳಗೆ ಕಲ್ಲು, ಮೇಲೆ ಬೆಲ್ಲದ ಪಾಕ. ಒಮ್ಮೆ ಹೆಲ್ಮೆಟ್ ಕಂಪನಿಯ ಅಧಿಕಾರಿಯೊಬ್ಬರು ನಮ್ಮ ಮಾದರಿ ನೋಡಲು ಬಂದರು. ಲೇಪನ ಬಳಿದ ಪಾರದರ್ಶಕ ಫಲಕವನ್ನು ಎತ್ತಿ ಬೆಳಕಿಗೆ ಹಿಡಿದು ಮೆಚ್ಚಿ ತಲೆಯಾಡಿಸಿ ಕೆಳಗಿಟ್ಟರು. ಅವರ ಹೆಬ್ಬೆಟ್ಟಿನ ಗುರುತು ಅದರ ಮೇಲೆ ಕ್ರಯಪತ್ರಕ್ಕೆ ಒತ್ತಿದ ಹಾಗೆ ಅಚ್ಚಾಗಿ ಕೂತಿತ್ತು. ಗಾಳಿ ತಾಗದಿರಲಿ ಅಂತ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿ ಬೆಳಕು ಕೊಟ್ಟೆವು. ಅಂಟು ಹೋಯಿತು, ಆದರೆ ಮೇಲ್ಮೈಯ ಗುಣವೇ ಬದಲಾಯಿತು. ನೀರಿಗೆ ಒಗ್ಗದ ಆ ಹಾಳೆಗೆ ಮುಖ ಕೊಟ್ಟು ಗಟ್ಟಿಯಾದ ಲೇಪನವೂ ನೀರಿಗೆ ಮುಖ ತಿರುಗಿಸಿತು. ಕೊನೆಗೆ ಸಾರಜನಕ ತುಂಬಿದ ಪೆಟ್ಟಿಗೆಯೊಳಗೆ ದೀಪ ಇಟ್ಟ ಮೇಲೇ ಅದು ಸರಿಹೋಯಿತು. ಲೇಪನ ಯಾವುದಕ್ಕೆ ಮುಖ ಮಾಡಿ ಗಟ್ಟಿಯಾಗುತ್ತೋ ಅದರ ಗುಣ ಅದಕ್ಕೆ ಬರುತ್ತೆ ಎನ್ನುವುದನ್ನು ಆವತ್ತೇ ಕಲಿತೆ.

ಆಮೇಲೆ ನಮ್ಮ ಕೈಗೆ ಬಂದದ್ದು ವಿದ್ಯುದಂಶ ಇರುವ ರೆಸಿನ್. ನನ್ನ ಕೆಲಸದ ಜೀವಮಾನವೆಲ್ಲ ಕಳೆದದ್ದು ಅದರ ಜೊತೆಗೇ. ಅದನ್ನು ಒಂದು ಮೀನಿನ ಬಲೆ ಅಂದುಕೊಳ್ಳಿ. ಬೆಳಕು ಬಿದ್ದಾಗ ದಾರಗಳು ಒಂದಕ್ಕೊಂದು ಗಂಟು ಹಾಕಿಕೊಂಡು ಬಲೆಯಾಗುತ್ತವೆ. ದಾರದ ಉದ್ದಕ್ಕೂ ಧನ ವಿದ್ಯುದಂಶಗಳು ಕದಲದಂತೆ ಕೂತಿರುತ್ತವೆ. ಅವಕ್ಕೆ ಜೊತೆಯಾಗಿ ಋಣ ಅಯಾನುಗಳು ಬಲೆಯ ಸಂದಿಗಳಲ್ಲಿ ಓಡಾಡಿಕೊಂಡಿರುತ್ತವೆ. ಬಲೆಯನ್ನು ಬದಲಿಸಲಾಗದು, ಆದರೆ ಜೊತೆಗಾರರನ್ನು ಬದಲಿಸಬಹುದು. ಫಲಕವನ್ನು ಬೇರೊಂದು ಲವಣದ ನೀರಲ್ಲಿ ಅದ್ದಿದರೆ ಹಳೆಯವು ಹೊರಗೆ, ಹೊಸವು ಒಳಗೆ.

ವರದರಾಜ್ ಸರ್ ಮೊದಲ ಸಲ ಅದನ್ನು ತೋರಿಸಿದ ದಿನ ನಾನು ಮಗುವಿನ ಹಾಗೆ ಕುಣಿದಿದ್ದೆ. ಒಂದೇ ಲೇಪನ, ಎರಡು ತುಂಡು. ಕ್ಲೋರೈಡ್ ಇದ್ದ ತುಂಡಿನ ಮೇಲೆ ನೀರಿನ ಹನಿ ಬಿದ್ದೊಡನೆ ಹರಡಿ ಮಾಯವಾಯಿತು. ಫ್ಲೋರಿನ್ ಇರುವ ದೊಡ್ಡ ಅಯಾನನ್ನು ಕೂರಿಸಿದ ತುಂಡಿನ ಮೇಲೆ ಅದೇ ಹನಿ ಕೆಸುವಿನ ಎಲೆ ಮೇಲಿನ ಹಾಗೆ ಮುತ್ತಾಗಿ ಉರುಳಿತು.

ನೀರು ಹರಡುವ ಮೇಲ್ಮೈಗೆ ಒಂದು ಉಪಯೋಗ ಉಂಟು. ಕನ್ನಡಿ ಮಸುಕಾಗುವುದು ನೀರು ಕೂತದ್ದರಿಂದ ಅಲ್ಲ, ಸಣ್ಣ ಸಣ್ಣ ಹನಿಯಾಗಿ ಕೂತದ್ದರಿಂದ. ಅದೇ ನೀರು ಒಂದೇ ಪದರವಾಗಿ ಹರಡಿಕೊಂಡರೆ ಕನ್ನಡಿ ಸ್ವಚ್ಛವಾಗಿಯೇ ಕಾಣುತ್ತದೆ. ಮಸುಕಾಗದ ದೀಪದ ಗಾಜು, ಹೆಲ್ಮೆಟ್ಟಿನ ಮುಖಗಾಜು ಮಾಡುವುದು ಕಾರ್ಖಾನೆಯ ಆಸೆ. ಕುದಿಯುವ ಪಾತ್ರೆಯ ಹಬೆಗೆ ಹಿಡಿದರೂ ನಮ್ಮ ಫಲಕಗಳು ಮಸುಕಾಗಲಿಲ್ಲ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಸರ್ ಮಾತ್ರ ತಟ್ಟಲಿಲ್ಲ.

"ಪಾತ್ರೆ ಹಬೆಗೆ ಗೆದ್ದಿದ್ದೀವಿ. ಇದನ್ನ ಮಳೆಗಾಲದಲ್ಲಿ ಸಕಲೇಶಪುರದ ಮೇಲಿನ ಬೆಟ್ಟಕ್ಕೆ ಹಾಕಿ. ಅಲ್ಲಿ ಉಳಿದರೆ ಆಮೇಲೆ ಕಾಫಿ ಕುಡಿಸ್ತೀನಿ."

ಹೀಗೆ ವನಗೂರಿನ ಕಡೆ ಒಂದು ದಿಬ್ಬದ ಮೇಲೆ ನಮ್ಮ ಚೌಕಟ್ಟುಗಳು ನಿಂತವು. ಕಬ್ಬಿಣದ ಚೌಕಟ್ಟಿಗೆ ಸಾಲಾಗಿ ಫಲಕಗಳನ್ನು ಕಟ್ಟಿ ಆಕಾಶಕ್ಕೆ ಮುಖ ಮಾಡಿ ಬಿಡುವುದು, ಆಗಾಗ ಹೋಗಿ ನೋಡುವುದು. ಜಾಗ ಕೊಟ್ಟವರು ಅಲ್ಲಿನ ಕಾಫಿ ಬೆಳೆಗಾರರಾದ ಸೋಮೇಗೌಡರು. ದೊಡ್ಡ ಎಸ್ಟೇಟೇನಲ್ಲ, ಸ್ವಂತ ಕೈಯಲ್ಲಿ ಕಸಿ, ಅಂದರೆ ರೆಂಬೆ ಸವರುವ ಕೆಲಸ, ಮಾಡುವಷ್ಟು ತೋಟ. ನನ್ನನ್ನು ಮೇಲಕ್ಕೆ ಕರೆದೊಯ್ಯುತ್ತಿದ್ದವನು ಲೋಕೇಶ, ಆ ಏರಿನಲ್ಲಿ ಬಾಡಿಗೆಗೆ ಜೀಪು ಓಡಿಸುವವನು. ಬಾಯಿ ಮುಚ್ಚದ ಮನುಷ್ಯ. "ಅಲ್ಲ ಮೇಡಂ, ಮಳೇಲಿ ಗಾಜು ನೆನೆಸಕ್ಕೆ ಗವರ್ಮೆಂಟು ಸಂಬ್ಳ ಕೊಡ್ತದಾ?" ಅಂತ ಕೇಳಿದ. ಗವರ್ಮೆಂಟಲ್ಲ, ಕಂಪನಿ ಎಂದೆ. "ಹಂಗಾದ್ರೆ ಇನ್ನೂ ಆಶ್ಚರ್ಯ ಬುಡಿ" ಎಂದ.

ಮೊದಲ ಮಳೆಗಾಲ ನಮ್ಮನ್ನು ನೆಲಕ್ಕೆ ಕೆಡವಿತು. ನೀರನ್ನು ಪ್ರೀತಿಸುವ ಬಲೆ ನೀರನ್ನು ಕುಡಿಯುತ್ತದೆ. ಕುಡಿದು ಕುಡಿದು ಉಬ್ಬಿ, ನೀರಲ್ಲಿ ನೆನೆದ ಕೈಬೆರಳಿನ ಹಾಗೆ ಸುಕ್ಕುಗಟ್ಟಿ, ಹಾವಿನ ಪೊರೆಯಂತೆ ಕಳಚಿಕೊಂಡು ಚೌಕಟ್ಟಿಗೆ ನೇತುಬಿದ್ದಿತ್ತು. ಗಂಟುಗಳನ್ನು ಹೆಚ್ಚಿಸಿ ಬಲೆ ಬಿಗಿ ಮಾಡಿ ತಂದೆವು. ಅದು ಕಳಚಲಿಲ್ಲ, ಆದರೆ ನೀರನ್ನೂ ಹತ್ತಿರ ಸೇರಿಸಲಿಲ್ಲ. ಮಾಮೂಲಿ ಗಾಜಿನಂತೆಯೇ ಮಸುಕಾಯಿತು. ಬಿಗಿ ಮಾಡಿದರೆ ಕುರುಡು, ಸಡಿಲ ಮಾಡಿದರೆ ಪೊರೆ. ಮಧ್ಯದ ಹದ ಎಲ್ಲೂ ಸಿಗಲಿಲ್ಲ.

ಅದೇ ಮಳೆಗಾಲದ ಒಂದು ಬೆಳಿಗ್ಗೆ ಲೋಕೇಶ ನನ್ನನ್ನು ದಿಬ್ಬದ ಹತ್ತಿರ ಇಳಿಸಿ ಕೆಳಗೆ ಹೊರಟ. ಸ್ವಲ್ಪ ಹೊತ್ತಿಗೆ ಹಾರ್ನ್ ಕೇಳಿತು. ಅದರ ಹಿಂದೆಯೇ ತಗಡು ನುಜ್ಜಾದ ಸದ್ದು. ಮಂಜಿನಲ್ಲಿ ರಸ್ತೆಯ ಅಂಚು ಹಿಡಿದು ಓಡಿದೆ. ಕುರುಡು ತಿರುವಿನಲ್ಲಿ ಅವನ ಜೀಪಿಗೂ ಕೆಳಗಿಂದ ಬಂದ ಪಿಕಪ್ಪಿಗೂ ಮುಖಾಮುಖಿ ಡಿಕ್ಕಿಯಾಗಿತ್ತು. ಪಿಕಪ್ಪಿನವನಿಗೆ ಹಣೆ ಒಡೆದಿತ್ತು. ಲೋಕೇಶನ ಕಾಲು ಪೆಡಲ್ಲಿನ ಕೆಳಗೆ ಸಿಕ್ಕಿಕೊಂಡಿತ್ತು. ಸೋಮೇಗೌಡರೂ ಅವರ ಆಳುಗಳೂ ಬಂದು ಎಳೆದು ತೆಗೆದರು. ಅಷ್ಟು ಮಾತಾಡುವವನು ಹಲ್ಲು ಕಚ್ಚಿಕೊಂಡು ಒಂದೇ ಮಾತು ಹೇಳಿದ. "ಕನ್ನಡಿ ನೋಡ್ದೆ ಮೇಡಂ. ಏನೂ ಕಾಣ್ಲಿಲ್ಲ."

ಆ ತಿರುವಿನಲ್ಲಿ, ಆಚೆಯಿಂದ ಬರುವ ಗಾಡಿ ಕಾಣಲೆಂದು, ಬೆಳೆಗಾರರೇ ಸೇರಿ ಹಾಕಿಸಿದ ಉಬ್ಬುಕನ್ನಡಿ ಇತ್ತು. ತಲೆ ಎತ್ತಿ ನೋಡಿದೆ. ಸುಣ್ಣ ಬಳಿದ ತಟ್ಟೆಯ ಹಾಗಿತ್ತು. ಕೈಯೆತ್ತಿ ಅಂಗೈಯಿಂದ ಒರೆಸಿದೆ. ಒರೆಸಿದ ಜಾಗದಲ್ಲಿ ರಸ್ತೆ ಕಂಡಿತು, ನೋಡುತ್ತಿದ್ದಂತೆಯೇ ಮತ್ತೆ ಬೆಳ್ಳಗಾಯಿತು. ಅಲ್ಲಿಯವರೆಗೆ ನನಗೆ ಅದೊಂದು ಬಿಡಿಸಲಾಗದ ಲೆಕ್ಕವಾಗಿತ್ತು. ಆವತ್ತು ಅದು ಒಬ್ಬ ಮನುಷ್ಯನ ಕಾಲಾಯಿತು. ಹಾಸನಕ್ಕೆ ಮರಳಿ ವರದರಾಜ್ ಸರ್‌ಗೆ, "ಹೆಲ್ಮೆಟ್ ಆಮೇಲೆ ನೋಡೋಣ ಸರ್, ಮೊದಲು ಕನ್ನಡಿ" ಎಂದೆ. ಅವರು ಒಪ್ಪಿದರು.

ಆದರೆ ಕಾರ್ಖಾನೆಯ ದೊಡ್ಡವರು ಬಂದು ಕಳಚಿದ ಫಲಕಗಳನ್ನು ನೋಡಿ ಹೋದರು. ಇನ್ನೊಂದು ಮಳೆಗಾಲ ಕೊಡುತ್ತೇವೆ, ಅಷ್ಟರಲ್ಲಿ ಆಗದಿದ್ದರೆ ಈ ರೆಸಿನ್ನಿನ ಕೆಲಸ ನಿಲ್ಲಿಸಿ ಎಂದರು. ನಿಲ್ಲಿಸಿದರೆ ನನ್ನನ್ನು ನೀರಿನ ಟ್ಯಾಂಕಿನ ಬಣ್ಣದ ವಿಭಾಗಕ್ಕೆ ಹಾಕುವುದೂ ನಿಶ್ಚಯವಾಗಿತ್ತು.

ಮರುವರ್ಷ ಮುಂಗಾರಿಗೆ ಮುಂಚೆ ಹೊಸ ಫಲಕಗಳನ್ನೆಲ್ಲ ಕಟ್ಟಿ ಬಂದೆ. ವಾರ ಕಳೆದು ನೋಡಲು ಹೋದರೆ, ತೋಟದ ಕಡೆಗಿದ್ದ ಕೆಳಸಾಲಿನ ಫಲಕಗಳ ಮೇಲೆಲ್ಲ ತಿಳಿನೀಲಿ ಚುಕ್ಕೆ. ಸೋಮೇಗೌಡರ ಆಳುಗಳು ಎಲೆರೋಗಕ್ಕೆ ಬೋರ್ಡೋ ಹೊಡೆದಿದ್ದರು. ಮೈಲುತುತ್ತವನ್ನೂ ಸುಣ್ಣವನ್ನೂ ನೀರಲ್ಲಿ ಬೆರೆಸಿ ಕಾಫಿ ಗಿಡಕ್ಕೆ ಸಿಂಪಡಿಸುವ ಔಷಧಿ ಅದು. ಗಾಳಿಗೆ ನಮ್ಮ ಚೌಕಟ್ಟಿನ ಮೇಲೂ ಬಂದಿತ್ತು.

ನಾನು ತೋಟದೊಳಗೆ ನುಗ್ಗಿದೆ. "ಗೌಡ್ರೇ, ಏನ್ ಮಾಡಿದ್ರಿ ಇದು? ನನ್ನ ವರ್ಷದ ಕೆಲಸ ಹಾಳಾಯ್ತು!"

ಅವರು ನಿಧಾನವಾಗಿ ಟೋಪಿ ತೆಗೆದರು. "ಗಿರಿಜಮ್ಮ, ಬೋರ್ಡೋ ಹೊಡೀದಿದ್ರೆ ನನ್ನ ವರ್ಷದ ಕೆಲ್ಸ ಹಾಳಾಯ್ತದೆ. ಗಾಳಿಗೆ ಯಾವ್ ಕಡೆ ಬೀಸು ಅಂತ ನಾನ್ ಹೇಳಕ್ಕಾಯ್ತದಾ?"

"ಒಂದು ಮಾತು ತಿಳಿಸಿದ್ದರೆ ಮುಚ್ಚಿಡ್ತಿದ್ದೆ."

"ನಿಮ್ ಗಾಜು ಮಳೇನೇ ತಡೀಬೇಕು ಅಂತೀರಿ. ನಮ್ ತೋಟದ ಔಷ್ದಿ ತಡೀಬಾರ್ದಾ? ಈ ಬೆಟ್ಟದಾಗೆ ಇರ್ಬೇಕು ಅಂದ್ರೆ ಇದೂ ಬೀಳ್ತದೆ ಕಣಮ್ಮ, ಅದೂ ಬೀಳ್ತದೆ."

ಅವರು ಹೇಳಿದ್ದು ಸರಿಯಾಗಿತ್ತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಚೀಲದಿಂದ ಬಟ್ಟೆ ತೆಗೆದು ಫಲಕ ಒರೆಸಲು ಹೊರಟವಳು ತಡೆದುಕೊಂಡು ಸರ್‌ಗೆ ಫೋನ್ ಮಾಡಿದೆ. "ಒರೆಸಬೇಡಿ" ಎಂದರು. "ಯಾವ್ಯಾವುದರ ಮೇಲೆ ಬಿದ್ದಿದೆ ಅಂತ ಗುರುತು ಮಾಡಿ ಹಾಗೇ ಬಿಟ್ಟುಬನ್ನಿ. ಕೆಟ್ಟ ಪರೀಕ್ಷೆನೂ ಪರೀಕ್ಷೆನೇ."

ಈ ಮಾತನ್ನು ಕೆಲಸಕ್ಕೆ ಸೇರುವ ಪ್ರತಿಯೊಬ್ಬರೂ ಮನಸ್ಸಲ್ಲಿಟ್ಟುಕೊಳ್ಳಬೇಕು. ಒರೆಸಿಬಿಟ್ಟಿದ್ದರೆ ಮುಂದಿನದ್ಯಾವುದೂ ನಡೆಯುತ್ತಿರಲಿಲ್ಲ.

ಆಷಾಢದ ಮಳೆ ಹಿಡಿಯಿತು. ರಸ್ತೆ ಕುಸಿದು ಕೆಲವು ದಿನ ಮೇಲಕ್ಕೆ ಹೋಗಲಾಗಲಿಲ್ಲ. ದಾರಿ ತೆರೆದ ಮೇಲೆ ಬೇರೊಬ್ಬನ ಜೀಪಿನಲ್ಲಿ ಹೋದೆ. ಲೋಕೇಶನ ಕಾಲಿಗೆ ರಾಡು ಹಾಕಿದ್ದರು, ಅವನಿನ್ನೂ ಸ್ಟಿಯರಿಂಗ್ ಹಿಡಿದಿರಲಿಲ್ಲ. ದಿಬ್ಬ ಹತ್ತಿ ಚೌಕಟ್ಟು ನೋಡಿದರೆ ಮೇಲಿನ ಸಾಲುಗಳಲ್ಲಿ ಮತ್ತದೇ ಪೊರೆ, ಚಿಂದಿಚಿಂದಿಯಾಗಿ ಗಾಳಿಗೆ ಪಟಪಟ ಬಡಿಯುತ್ತಿತ್ತು. ಮುಗಿಯಿತು ಅಂದುಕೊಂಡೆ. ಟ್ಯಾಂಕಿನ ಬಣ್ಣವೇ ಗತಿ ಅಂತ ಬಿಚ್ಚಲು ಬಗ್ಗಿದವಳಿಗೆ ಕೆಳಸಾಲು ಕಂಡಿತು.

ಅಲ್ಲಿ ಪೊರೆ ಇರಲಿಲ್ಲ. ನೀಲಿ ಚುಕ್ಕೆಗಳು ಮಳೆಗೆ ಬಹುಪಾಲು ತೊಳೆದುಹೋಗಿದ್ದವು. ಔಷಧಿ ಬಿದ್ದ ಫಲಕಗಳೆಲ್ಲ ಗಟ್ಟಿಯಾಗಿ ಅಂಟಿಕೊಂಡಿದ್ದವು. ಉಗುರಿನಿಂದ ಕೆರೆದೆ, ಏಳಲಿಲ್ಲ. ಮಂಜು ಮುಖಕ್ಕೆ ಬಂದು ತಾಗುತ್ತಿದ್ದರೂ ಫಲಕದಾಚೆಯ ಕಾಫಿ ಎಲೆಯ ನರನರವೂ ಕಾಣುತ್ತಿತ್ತು. ನಂಬಿಕೆ ಬರದೆ ಬಾಯಿಟ್ಟು ಉಸಿರು ಊದಿದೆ. ಮಸುಕಾಗಲಿಲ್ಲ. ಇನ್ನೊಂದಕ್ಕೆ ಊದಿದೆ. ಅದೂ ಇಲ್ಲ. ಸಾಲಿನುದ್ದಕ್ಕೂ ಬಗ್ಗಿ ಬಗ್ಗಿ ಊದುತ್ತಾ ಹೋದೆ. ಛತ್ರಿ ಎಲ್ಲಿ ಬಿತ್ತೋ ನನಗೆ ಗೊತ್ತಿಲ್ಲ.

ಸೋಮೇಗೌಡರು ಕಂಬಳಿ ಹೊದ್ದು ತೋಟದಿಂದ ಮೇಲೆ ಬಂದರು. ಮಳೆಯಲ್ಲಿ ನೆನೆಯುತ್ತಾ ಗಾಜಿಗೆ ಊದುತ್ತಿದ್ದವಳನ್ನು ನೋಡಿ, "ಏನಾಯ್ತಮ್ಮ, ಮೈಗೆ ಹುಷಾರೈತಾ?" ಎಂದರು.

"ನಿಮ್ಮ ಔಷಧಿ ಬಿದ್ದದ್ದೇ ಉಳಿದಿದೆ ಗೌಡ್ರೇ! ಬೇರೆಯವೆಲ್ಲ ಹೋಗಿವೆ!"

ಅವರು ಬಗ್ಗಿ ನೋಡಿದರು. ಆಮೇಲೆ ತೋಟದ ಕಡೆ ತಿರುಗಿ ಕೂಗಿ ಹೇಳಿದರು. "ಕೇಳ್ರಪ್ಪೋ, ಮೇಡಂ ಗಾಜಿಗೂ ಎಲೆರೋಗ ಇತ್ತಂತೆ! ನಮ್ ಬೋರ್ಡೋಗೆ ವಾಸಿ ಆಗ್ಬುಟ್ಟೈತೆ!" ತೋಟವೆಲ್ಲ ನಕ್ಕಿತು. ನಾನೂ ನಕ್ಕೆ, ನಗುವಿನ ಜೊತೆ ಕಣ್ಣೀರೂ ಬಂತು. ಮಳೆಯಾದ್ದರಿಂದ ಯಾರಿಗೂ ತಿಳಿಯಲಿಲ್ಲ.

ಆದರೆ ನೀಲಿ ಔಷಧಿ ಬಳಿದ ಕನ್ನಡಿಯನ್ನು ಯಾರು ಕೊಳ್ಳುತ್ತಾರೆ? ಕೆಲಸ ಮಾಡಿದ್ದು ತಾಮ್ರವೋ, ಸುಣ್ಣವೋ, ಮತ್ತೇನೋ ತಿಳಿಯಬೇಕಿತ್ತು. ಹಾಸನಕ್ಕೆ ಬರುವ ದಾರಿಯುದ್ದಕ್ಕೂ ಅದೇ ಯೋಚನೆ. ಮೈಲುತುತ್ತವೆಂದರೆ ತಾಮ್ರದ ಸಲ್ಫೇಟ್. ಸಲ್ಫೇಟ್ ಅಯಾನಿಗೆ ಎರಡು ಋಣ ಅಂಶ, ಕ್ಲೋರೈಡಿಗೆ ಒಂದೇ. ಬಾಳ್ಳುಪೇಟೆ ದಾಟುವಾಗ ತಟ್ಟನೆ ಹೊಳೆಯಿತು. ಒಂದು ಕೈಯವನು ಬಲೆಯ ಒಂದು ದಾರವನ್ನು ಹಿಡಿಯಬಲ್ಲ. ಎರಡು ಕೈಯವನು ಎರಡು ದಾರ ಹಿಡಿದು ಹತ್ತಿರ ಎಳೆದುಕೊಳ್ಳುತ್ತಾನೆ. ಹೊಸ ಗಂಟು ಹಾಕದೆಯೇ ಬಲೆ ಬಿಗಿಯಾಗುತ್ತದೆ, ನೀರು ಕುಡಿದು ಉಬ್ಬುವುದಿಲ್ಲ. ಆದರೆ ಸಲ್ಫೇಟಿಗೂ ನೀರೆಂದರೆ ಪ್ರೀತಿ, ಹಾಗಾಗಿ ಮೇಲೆ ಬಿದ್ದ ಹನಿ ಹರಡುವುದು ನಿಲ್ಲುವುದಿಲ್ಲ.

ಸರ್‌ಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಚೆನ್ನಾಗಿದೆ. ಈಗ ಇದು ಸುಳ್ಳು ಅಂತ ತೋರಿಸೋಕೆ ಪ್ರಯತ್ನಪಡಿ."

ಒಂದೇ ಲೇಪನದ ಫಲಕಗಳನ್ನು ಬೇರೆಬೇರೆಯಾಗಿ ಅದ್ದಿದೆವು. ಕೆಲವನ್ನು ಸುಣ್ಣದ ತಿಳಿಯಲ್ಲಿ, ಕೆಲವನ್ನು ಸಲ್ಫೇಟ್ ಇಲ್ಲದ ತಾಮ್ರದ ಲವಣದಲ್ಲಿ, ಕೆಲವನ್ನು ತಾಮ್ರವೂ ಸುಣ್ಣವೂ ಇಲ್ಲದ ಬರೀ ಸೋಡಿಯಂ ಸಲ್ಫೇಟಿನಲ್ಲಿ. ಮಳೆ ಇನ್ನೂ ಉಳಿದಿತ್ತು, ಮತ್ತೆ ದಿಬ್ಬಕ್ಕೆ ಕಟ್ಟಿದೆವು. ಸುಣ್ಣದ್ದು ಸುಕ್ಕಾಯಿತು. ತಾಮ್ರದ್ದು ಕಳಚಿತು. ಬಣ್ಣವಿಲ್ಲದ, ವಾಸನೆಯಿಲ್ಲದ ಸೋಡಿಯಂ ಸಲ್ಫೇಟಿನಲ್ಲಿ ಅದ್ದಿದ್ದು ಮಳೆಗಾಲದ ಕೊನೆಯ ದಿನದವರೆಗೂ ತೊಳೆದಿಟ್ಟ ಆಕಾಶದ ಹಾಗಿತ್ತು. ಹಸಿರು ಪಾಚಿ ಕೂಡ ಕೂರಲಿಲ್ಲ. ಬಲೆಯ ಧನ ಅಂಶಗಳು ಪಾಚಿಯನ್ನು ಬದುಕಗೊಡಲಿಲ್ಲ. ದೊಡ್ಡವರು ಮತ್ತೆ ಬಂದಾಗ ವರದರಾಜ್ ಸರ್ ಏನೂ ಭಾಷಣ ಮಾಡಲಿಲ್ಲ. ಒಂದು ಫಲಕ ಕೊಟ್ಟು, "ಉಸಿರು ಬಿಟ್ಟು ನೋಡಿ" ಎಂದರು. ಅವರು ಬಿಟ್ಟರು, ಮತ್ತೆ ಬಿಟ್ಟರು, ಪಕ್ಕದವರಿಗೂ ಕೊಟ್ಟರು. ನಿಲ್ಲಿಸುವ ಮಾತು ಅಲ್ಲಿಗೆ ನಿಂತಿತು. ಆವತ್ತು ಸರ್ ನನಗೆ ಕಾಫಿ ಕುಡಿಸಿದರು.

ಉಬ್ಬುಕನ್ನಡಿಗೆ ಲೇಪನ ಹಾಕುವುದು ಇನ್ನೊಂದು ಪಾಡು. ನಡುವೆ ಬೆಳಕು ನೇರ ಬಿದ್ದರೂ ಅಂಚಿಗೆ ಓರೆಯಾಗಿ ಬೀಳುತ್ತಿತ್ತು, ಅಂಚು ಅಂಟಂಟು ಉಳಿಯುತ್ತಿತ್ತು. ಹಳೆಯ ಪಾದರಸದ ದೀಪಗಳು ಬಿಸಿಯಾಗಿ ಕನ್ನಡಿಯ ಪ್ಲಾಸ್ಟಿಕ್ಕನ್ನೇ ಬಾಗಿಸುತ್ತಿದ್ದವು. ಅಷ್ಟು ಹೊತ್ತಿಗೆ ತಣ್ಣನೆಯ ಎಲ್‌ಇಡಿ ದೀಪಗಳು ಬಂದವು. ಅವನ್ನು ಬಳೆಯ ಹಾಗೆ ಸುತ್ತ ಜೋಡಿಸಿ ಅಂಚಿಗೂ ಸಮನಾದ ಬೆಳಕು ಕೊಟ್ಟೆವು. ಈಗ ನೀವು ಸೇರುವ ಕಡೆ ಇದೆಲ್ಲ ಯಂತ್ರವೇ ಮಾಡುತ್ತದೆ. ಆದರೂ ಅಂಚಿಗೆ ಹತ್ತಿ ಮುಟ್ಟಿಸಿ ನೋಡಿ. ಎಳೆ ಅಂಟಿಕೊಂಡರೆ ಯಂತ್ರ ಏನು ಹೇಳಿದರೂ ನಂಬಬೇಡಿ.

ಮರುವರ್ಷ ಮುಂಗಾರಿಗೆ ಮುಂಚೆ ಲೋಕೇಶನ ಜೀಪಿಗೆ ಡಿಕ್ಕಿಯಾದ ತಿರುವಿನಲ್ಲಿ ಹಳೆಯ ಕನ್ನಡಿಯ ಪಕ್ಕದಲ್ಲೇ ನಮ್ಮ ಕನ್ನಡಿ ನಿಲ್ಲಿಸಿದೆವು. ಮಳೆಗಾಲ ಮುಗಿಯುತ್ತ ಬಂದಾಗ ಅದನ್ನು ನೋಡಲು ರಸ್ತೆ ಇಲಾಖೆಯ ಎಂಜಿನಿಯರನ್ನು ಕರೆದೆವು. ವರದರಾಜ್ ಸರ್ರೂ ಸೋಮೇಗೌಡರೂ ಬಂದಿದ್ದರು. ಬೆಳಿಗ್ಗೆಯೆಲ್ಲ ಬಿಸಿಲಿತ್ತು. ಬಿಸಿಲಲ್ಲಿ ಯಾವ ಕನ್ನಡಿಯಲ್ಲಿ ತಾನೇ ರಸ್ತೆ ಕಾಣುವುದಿಲ್ಲ? ಮಧ್ಯಾಹ್ನದ ಹೊತ್ತಿಗೆ ಕಣಿವೆಯಿಂದ ಮಂಜು ಎದ್ದು ಬಂತು. ಎದುರು ದಿಬ್ಬದ ಸಿಲ್ವರ್ ಓಕ್ ಮರ ಅಳಿಸಿಹೋಯಿತು, ಆಮೇಲೆ ದೂರದ ರಸ್ತೆಯೂ. ಹಳೆಯ ಕನ್ನಡಿ ನೋಡನೋಡುತ್ತಿದ್ದಂತೆ ಬೆಳ್ಳಗಾಯಿತು. ನಮ್ಮ ಕನ್ನಡಿಯಲ್ಲಿ ತಿರುವಿನಾಚೆಯ ಕಪ್ಪು ರಸ್ತೆ, ಅದರ ಬಿಳಿಗೆರೆ, ಮೋರಿಯ ಕಲ್ಲು, ಎಲ್ಲ ಹಾಗೇ ಇದ್ದವು. ಮಂಜು ರಸ್ತೆಯನ್ನು ಮಸುಕು ಮಾಡಿತ್ತು, ಕನ್ನಡಿಯನ್ನಲ್ಲ.

ಎಂಜಿನಿಯರ್ ಒಂದರ ಮುಂದೆ ನಿಂತರು, ಇನ್ನೊಂದರ ಮುಂದೆ ನಿಂತರು. "ಎರಡೂ ಒಂದೇ ದಿನ ತೊಳೆದಿದ್ರಾ?" ಎಂದರು.

"ನಮ್ಮದು ಹಾಕಿದ ಮೇಲೆ ಒಂದನ್ನೂ ಮುಟ್ಟಿಲ್ಲ ಸರ್" ಎಂದೆ.

ಅಷ್ಟರಲ್ಲಿ ಮೇಲಿಂದ ಜೀಪಿನ ಸದ್ದು. ಲೋಕೇಶ ಆ ಮಳೆಗಾಲದಲ್ಲೇ ಮತ್ತೆ ಸ್ಟಿಯರಿಂಗ್ ಹಿಡಿದಿದ್ದ. ಜೀಪಿನ ತುಂಬ ಎಸ್ಟೇಟಿನ ಕೂಲಿ ಲೈನಿನ ಹೆಂಗಸರು. ಅದೇ ಹೊತ್ತಿಗೆ ನಮ್ಮ ಕನ್ನಡಿಯ ಒಂದು ಮೂಲೆಯಲ್ಲಿ ಹಳದಿ ಚುಕ್ಕೆ ಮೂಡಿತು, ದೊಡ್ಡದಾಯಿತು, ಎರಡು ದೀಪವಾಯಿತು. ಕೆಳಗಿನಿಂದ ಮರ ಹೇರಿದ ಲಾರಿ ಏರು ಹತ್ತುತ್ತಿತ್ತು. ಸೋಮೇಗೌಡರು ರಸ್ತೆಗೇ ಇಳಿದು ಎರಡೂ ಕೈ ಬೀಸಿ ಕೂಗಿದರು. "ಏ ಲೋಕೇಶ, ನಿಲ್ಸೋ! ಲಾರಿ ಬರ್ತಾ ಐತೆ!"

ಜೀಪು ಅದಾಗಲೇ ತಿರುವಿನ ಮೇಲ್ಗಡೆ ಎಡಕ್ಕೆ ಒತ್ತಿ ನಿಂತಿತ್ತು. ಲೋಕೇಶ ತಲೆ ಹೊರಗೆ ಹಾಕಿದ.

"ಕಾಣ್ತಾ ಐತೆ ಕಣ್ರೀ ಗೌಡ್ರೇ! ಲಾರಿ ನಂಬ್ರೂ ಬೇಕಾ, ಹೇಳ್ಬುಡ್ತೀನಿ!"

ಲಾರಿ ನಿಧಾನವಾಗಿ ನಮ್ಮ ಪಕ್ಕದಿಂದ ಹಾದು ಮೇಲೆ ಹೋಯಿತು. ಅದರ ಹಿಂದಿನ ಕೆಂಪು ದೀಪ ಮಂಜಿನಲ್ಲಿ ಕರಗಿತು. ಆಮೇಲೆ ಎಂಜಿನಿಯರ್ ಹಳೆಯ ಕನ್ನಡಿಯ ಕಂಬಕ್ಕೆ ಕೈಯಿಟ್ಟು, "ಇದನ್ನ ಇವತ್ತೇ ಬಿಚ್ಚಿಸ್ತೀನಿ. ದೋಣಿಗಲ್ ಕಡೆಯ ತಿರುವುಗಳಿಗೆ ಎಷ್ಟು ಬೇಗ ಕೊಡ್ತೀರಿ?" ಎಂದರು.

ವರದರಾಜ್ ಸರ್ ನನ್ನ ಕಡೆ ತಿರುಗಿದರು. "ನನ್ನನ್ನ ಕೇಳಬೇಡಿ. ಇವರನ್ನ ಕೇಳಿ."

"ಮುಂದಿನ ಮಳೆ ಹಿಡಿಯುವುದರೊಳಗೆ" ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿತು. ಲೋಕೇಶ ಜೀಪಿನಿಂದ ಇಳಿದು, ಒಂದು ಕಾಲು ಸ್ವಲ್ಪ ಎಳೆಯುತ್ತಾ ಬಂದು ಕನ್ನಡಿಯ ಕೆಳಗೆ ನಿಂತ. ತಲೆಗೂದಲು ಸರಿಮಾಡಿಕೊಂಡು ಅದರಲ್ಲಿ ತನ್ನ ಮುಖ ನೋಡಿಕೊಂಡ. ಜೀಪಿನಲ್ಲಿದ್ದ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು.